ಗರಿ ಕಿತ್ತರೆ ಹಕ್ಕಿಗೆ ನೋವಾಗುತ್ತದೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಮುಗಿದು ನವರಾತ್ರಿ ಬಂತೆಂದರೆ ಅಂಗಳದ ತುಂಬ ಕೋಳಿ ಪುಕ್ಕ, ನಮ್ಮ ಮೇಜಿನ ತುಂಬ ಅದರ ಬಗ್ಗೆ ಪತ್ರ. ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದವುಗಳಲ್ಲಿ ಗರಿಗೆ ಸಂಬಂಧಿಸಿದ್ದನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ (ಕುಮಟಾ): ಎಂಟನೇ ಇಯತ್ತೆಯಲ್ಲಿ ಓದುವ ಮಗಳು ಕೇಳುತ್ತಾಳೆ: ಕೂದಲು, ಉಗುರು ಕತ್ತರಿಸಿದರೆ ನಮಗೆ ನೋವಾಗುವುದಿಲ್ಲ, ಹಾಗಾದರೆ ಗರಿ ಕಿತ್ತರೆ ಹಕ್ಕಿಗೂ ನೋವಾಗಬಾರದಲ್ಲ? ಏನು ಹೇಳಲಿ?

ಉತ್ತರ: ಕತ್ತರಿಸುವುದು ಬೇರೆ, ಕೀಳುವುದು ಬೇರೆ ಎನ್ನಿ. ಪೂರ್ತಿ ಬೆಳೆದ ಗರಿಯೂ ಕೂದಲು, ಉಗುರಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆದದ್ದು. ಅದರಲ್ಲಿ ರಕ್ತ ಹರಿಯುವುದಿಲ್ಲ, ನರವಿಲ್ಲ. ಕತ್ತರಿಯಿಂದ ತುದಿ ಕತ್ತರಿಸಿದರೆ ಹಕ್ಕಿಗೆ ಗೊತ್ತೂ ಆಗುವುದಿಲ್ಲ. ಆದರೆ ಗರಿಯ ಬುಡ ಚರ್ಮದೊಳಗಿನ ಒಂದು ಗುಳಿಯಲ್ಲಿ ಕೂತಿರುತ್ತದೆ. ಆ ಗುಳಿಗೆ ಜೀವವಿದೆ. ಅದರ ಸುತ್ತ ನರದ ತುದಿಗಳು ದಟ್ಟವಾಗಿವೆ; ಗಾಳಿಗೆ ಗರಿ ಒಂದಿಷ್ಟು ಅಲುಗಿದರೂ ಹಕ್ಕಿಗೆ ತಿಳಿಯುವುದು ಅವುಗಳಿಂದ. ಗುಳಿಯಿಂದ ಗುಳಿಗೆ ಸಣ್ಣ ಸ್ನಾಯುಗಳು ಹಬ್ಬಿವೆ. ಚಳಿಗೆ ಮೈ ಕೆದರಿಕೊಳ್ಳುವುದು, ಸಿಟ್ಟಿಗೆದ್ದ ಹುಂಜ ಕುತ್ತಿಗೆಯ ಗರಿ ನಿಮಿರಿಸುವುದು ಇವುಗಳ ಕೆಲಸ. ಗರಿ ಹಿಡಿದು ಎಳೆದಾಗ ಈ ಗುಳಿ ಜಗ್ಗುತ್ತದೆ, ಜೋರಾದರೆ ಹರಿದು ರಕ್ತ ಬರುತ್ತದೆ. ತಲೆಯ ಒಂದೇ ಕೂದಲನ್ನು ಹಿಡಿದು ಎಳೆದು ನೋಡಲು ಮಗಳಿಗೆ ಹೇಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನರ್ಧ ಏನೆಂದರೆ, ಎಲ್ಲ ಗರಿಯ ನೋವೂ ಒಂದೇ ಅಲ್ಲ. ಎದೆಯ, ಬೆನ್ನಿನ ಸಣ್ಣ ಗರಿಗಳು ಚರ್ಮದಲ್ಲಷ್ಟೇ ಇವೆ. ರೆಕ್ಕೆಯ ದೊಡ್ಡ ಗರಿಗಳ ಬುಡ ಮೂಳೆಗೇ ಬಿಗಿದುಕೊಂಡಿರುತ್ತದೆ. ಅದನ್ನು ಕಿತ್ತರೆ ಪೆಟ್ಟು ಮೂಳೆಯ ಮೇಲಿನ ಪೊರೆಗೂ ಬೀಳುತ್ತದೆ, ಸಣ್ಣ ಹಕ್ಕಿಯಾದರೆ ಮೂಳೆ ಮುರಿಯುವುದೂ ಉಂಟು. ಎಲ್ಲಕ್ಕಿಂತ ಹೆಚ್ಚು ನೋವು ಎಳೆಗರಿಯದ್ದು. ಆಗಷ್ಟೇ ಚರ್ಮದಿಂದ ಮೇಲೆದ್ದ ಗರಿಯ ದಂಟಿನೊಳಗೆ ರಕ್ತನಾಳ ಇರುತ್ತದೆ, ಆದ್ದರಿಂದ ದಂಟು ನೀಲಿಗಪ್ಪಾಗಿ ಕಾಣುತ್ತದೆ. ಅದು ಮುರಿದರೆ ನಲ್ಲಿ ತಿರುಗಿಸಿದ ಹಾಗೆ ರಕ್ತ ಸೋರುತ್ತದೆ.

ಬೇಕಾದರೆ ಅಂಗಳದಲ್ಲಿ ಬಿದ್ದ ರೆಕ್ಕೆಗರಿಯೊಂದನ್ನು ತೆಗೆದುಕೊಂಡು ಮಗಳ ಜೊತೆ ಕೂತು ನೋಡಿ. ದಂಟಿನ ಕೆಳತುದಿಯಲ್ಲಿ ಸೂಜಿ ಹೋಗುವಷ್ಟು ತೂತು ಇದೆ. ರಕ್ತ ಒಳಗೆ ಹೋಗುತ್ತಿದ್ದ ದಾರಿ ಅದು. ದಂಟಿನ ಪೊಳ್ಳು ಭಾಗವನ್ನು ಬೆಳಕಿಗೆ ಹಿಡಿದರೆ ಒಳಗೆ ಒಂದರ ಮೇಲೊಂದು ಕೂತ ತೆಳು ಬಟ್ಟಲುಗಳ ಸಾಲು ಕಾಣುತ್ತದೆ. ಗರಿ ಬಲಿತಂತೆ ಒಳಗಿನ ಜೀವಂತ ತಿರುಳು ಹಂತ ಹಂತವಾಗಿ ಕೆಳಗೆ ಸರಿಯುತ್ತ ಬಿಟ್ಟುಹೋದ ಪೊರೆಗಳು ಅವು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಬೆರಳಲ್ಲೇ ಬಿಡಿಸಬಹುದು. ತಾನಾಗಿ ಉದುರುವ ಹೊತ್ತಿಗೆ ತಿರುಳು ಪೂರ್ತಿ ಹಿಂದೆ ಸರಿದಿರುತ್ತದೆ, ಕೆಳಗಿನಿಂದ ಹೊಸ ಗರಿ ಹಳೆಯದನ್ನು ದೂಡಿರುತ್ತದೆ. ಹಾಗೆ ಬಿದ್ದದ್ದಕ್ಕೆ ನೋವಿಲ್ಲ.

ಕೋಳಿ ಕೂಗಲಿಲ್ಲ, ಅಂದರೆ ನೋವಾಗಲಿಲ್ಲ ಎಂಬ ಮಾತು ಕೇಳುತ್ತಿರುತ್ತೇವೆ. ಅದು ತಪ್ಪು. 1990ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನಲ್ಲಿ ಕೋಳಿಗಳ ಗರಿಯನ್ನು ಒಂದೊಂದಾಗಿ ಕಿತ್ತು ಪರೀಕ್ಷಿಸಿದ್ದರು. ರಕ್ತದೊತ್ತಡ ಏರಿತು. ಮೊದಮೊದಲು ಕೋಳಿ ಗಾಬರಿಯಾಗಿ ಒದ್ದಾಡಿತು. ಕೀಳುತ್ತ ಹೋದಂತೆ ಮುದುಡಿ, ಅಲ್ಲಾಡದೆ ಕೂತಿತು. ಬೇಟೆಗೆ ಬಲಿಯಾಗುವ ಪ್ರಾಣಿಗಳು ನೋವನ್ನು ತೋರಿಸಿಕೊಳ್ಳುವುದು ಕಡಿಮೆ. ಸುಮ್ಮನಾದ ಕೋಳಿಯನ್ನು ಕಂಡು ಸಮಾಧಾನಪಡಬೇಡಿ.

ಪ್ರಶ್ನೆ (ಅಂಕೋಲಾ): ನಮ್ಮ ಹತ್ತು ಊರ ಕೋಳಿಗಳಲ್ಲಿ ಆರು ಹೇಂಟೆಗಳ ಪುಕ್ಕ ಒಂದೇ ಸಮನೆ ಉದುರುತ್ತಿದೆ. ಕುತ್ತಿಗೆ ಬೋಳಾಗಿದೆ, ಮೊಟ್ಟೆ ನಿಂತಿದೆ, ಮುಟ್ಟಿದರೆ ಕಿರುಚುತ್ತವೆ. ರೋಗವೇ?

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ವರ್ಷಕ್ಕೊಮ್ಮೆ ಗರಿ ಬದಲಿಸುವ ಕಾಲ. ಹಗಲು ಗಿಡ್ಡವಾಗುತ್ತ ಬಂದಾಗ ಒಂದು ವರ್ಷ ದಾಟಿದ ಹೇಂಟೆಗಳು ಗರಿ ಕಳಚುತ್ತವೆ. ಮೊದಲು ತಲೆ, ಕುತ್ತಿಗೆ. ಆಮೇಲೆ ಎದೆ, ಮೈ. ಕೊನೆಗೆ ರೆಕ್ಕೆ, ಬಾಲ. ಒಟ್ಟು ಎರಡರಿಂದ ಮೂರು ತಿಂಗಳು ಬೇಕು. ಈ ಅವಧಿಯಲ್ಲಿ ಜುಟ್ಟು ಸಣ್ಣದಾಗಿ ಬಿಳಿಚಿಕೊಳ್ಳುತ್ತದೆ, ಮೊಟ್ಟೆ ನಿಲ್ಲುತ್ತದೆ. ಗಾಬರಿ ಬೇಡ.

ರೋಗವೋ ಅಲ್ಲವೋ ತಿಳಿಯಲು ಬೋಳಾದ ಜಾಗದ ಮೇಲೆ ಬೆರಳಿಡದೆ, ಹತ್ತಿರದಿಂದ ಕಣ್ಣಲ್ಲೇ ನೋಡಿ. ಚರ್ಮದಿಂದ ಮೊನಚಾದ ಎಳೆಗರಿಗಳು ಸಾಲಾಗಿ ಏಳುತ್ತಿದ್ದರೆ ಅದು ಗರಿ ಬದಲಾವಣೆಯೇ. ಎಳೆಗರಿ ಇಲ್ಲದೆ ಚರ್ಮ ಬರಿದಾಗಿ ಕೆಂಪಾಗಿದ್ದರೆ, ಹಿಂಭಾಗದ ಸುತ್ತ ಮಾತ್ರ ಉದುರಿದ್ದರೆ, ಕೋಳಿ ಕಾಳು ಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿದ್ದರೆ ಪಶು ಆಸ್ಪತ್ರೆಗೆ ತೋರಿಸಿ.

ಗರಿ ಬೀಳುವಾಗ ನೋವಿಲ್ಲ, ನೋವಿರುವುದು ಹೊಸದು ಬರುವಾಗ. ಮುಟ್ಟಿದರೆ ಕಿರುಚುವುದು ಅದಕ್ಕೇ. ಎಳೆಗರಿ ಒತ್ತಿದರೆ ಅದರ ಬುಡ ಮಾಂಸಕ್ಕೆ ಚುಚ್ಚುತ್ತದೆ. ಆದ್ದರಿಂದ ಈ ಎರಡು ಮೂರು ತಿಂಗಳು ಹಿಡಿಯುವುದು, ಎತ್ತುವುದು, ಸಂತೆಗೆ ಸಾಗಿಸುವುದು, ಹೊಸ ಕೋಳಿ ತಂದು ಸೇರಿಸುವುದು ಬೇಡ. ಹಿಡಿಯಲೇಬೇಕಾದರೆ ಕತ್ತಲಾದ ಮೇಲೆ, ಎರಡೂ ಕೈಯಿಂದ ಎದೆಯ ಅಡಿಗೆ ಆಧಾರ ಕೊಟ್ಟು ಎತ್ತಿ. ರೆಕ್ಕೆ ಹಿಡಿದು ನೇತಾಡಿಸುವ ನಮ್ಮ ರೂಢಿ ಯಾವ ಕಾಲಕ್ಕೂ ಒಳ್ಳೆಯದಲ್ಲ, ಈ ಕಾಲಕ್ಕಂತೂ ಕ್ರೂರ.

ಇನ್ನು ಮೇವು. ಗರಿಯ ಹೆಚ್ಚಿನ ಭಾಗ ಪ್ರೋಟೀನ್. ಬರೀ ಅಕ್ಕಿನುಚ್ಚು, ತೌಡು ಹಾಕಿದರೆ ಗರಿ ನಿಧಾನವಾಗಿ, ಗೆರೆಗೆರೆಯಾಗಿ ಬರುತ್ತದೆ. ದೊಡ್ಡ ಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಮೇವು ಬೇಕು, ಹತ್ತಕ್ಕೆ ಒಂದು ಕಿಲೋ ಚಿಲ್ಲರೆ. ಹೊರಗೆ ಮೇಯುವುದನ್ನು ಕಳೆದು ಉಳಿದದ್ದನ್ನು ನೀವು ಹಾಕುತ್ತೀರಿ. ಅದರಲ್ಲಿ ದಿನಕ್ಕೆ 100 ಗ್ರಾಂನಷ್ಟು ಒಣಮೀನಿನ ಪುಡಿ ಬೆರೆಸಿ. ಉಪ್ಪು ಹಾಕದೆ ಬಿಸಿಲಿಗೆ ಒಣಗಿಸಿದ ಸಣ್ಣ ತಾರ್ಲೆ ಮೀನು, ಒಣ ಶೆಟ್ಲಿಯ (ಸಿಗಡಿ) ತಲೆ ಆದೀತು. ಉಪ್ಪು ಹಾಕಿದ ಒಣಮೀನು ಬೇಡ. ಕೋಳಿಗೆ ಉಪ್ಪು ಹೆಚ್ಚಾದರೆ ವಿಪರೀತ ನೀರು ಕುಡಿದು ಭೇದಿಯಾಗುತ್ತದೆ, ಮಿತಿಮೀರಿದರೆ ಸಾಯುತ್ತದೆ. ಶೇಂಗಾ ಹಿಂಡಿಯೂ ಒಳ್ಳೆಯದೇ, ಆದರೆ ನಮ್ಮ ಕರಾವಳಿಯ ತೇವಕ್ಕೆ ಅದು ಬೇಗ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ವಿಷ ಕೋಳಿಯ ಲಿವರ್ ಕೆಡಿಸುತ್ತದೆ. ಮುಗ್ಗಲು ವಾಸನೆ ಬಂದ ಹಿಂಡಿಯನ್ನು ಬಿಸಿಲಿಗೆ ಹಾಕಿ ಉಳಿಸಲು ಹೋಗಬೇಡಿ, ತೆಂಗಿನ ಬುಡಕ್ಕೆ ಹಾಕಿ.

ಪ್ರಶ್ನೆ (ಹೊನ್ನಾವರ): ಕೋಳಿಗಳು ಬೇಲಿ ಹಾರಿ ಹಿತ್ತಲಿನ ಹರಿವೆ ಸಾಲನ್ನು ಕೆದರುತ್ತವೆ. ರೆಕ್ಕೆಯ ಗರಿ ಕತ್ತರಿಸಲು ಹೇಳಿದರು. ಹಿಂದೊಮ್ಮೆ ಕತ್ತರಿಸಿದಾಗ ರಕ್ತ ಬಂದು ಬಿಟ್ಟುಬಿಟ್ಟೆವು. ಸರಿಯಾದ ಕ್ರಮ ಯಾವುದು?

ಉತ್ತರ: ಅಂದು ಕತ್ತರಿಗೆ ಸಿಕ್ಕಿದ್ದು ಎಳೆಗರಿ. ಬಲಿತ ಗರಿಯಿಂದ ರಕ್ತ ಬರುವುದಿಲ್ಲ. ಕತ್ತರಿಸುವ ಮೊದಲು ನೋಡಬೇಕಾದದ್ದು ಇದೊಂದೇ.

ಇಬ್ಬರು ಬೇಕು. ಒಬ್ಬರು ಕೋಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಲುಗಳನ್ನು ಬೆರಳುಗಳ ನಡುವೆ ಹಿಡಿಯಲಿ. ತಲೆಯ ಮೇಲೆ ತೆಳು ಬಟ್ಟೆ ಹಾಕಿದರೆ ಸುಮ್ಮನಿರುತ್ತದೆ. ಇನ್ನೊಬ್ಬರು ಒಂದು ರೆಕ್ಕೆಯನ್ನು ನಿಧಾನಕ್ಕೆ ಬಿಚ್ಚಲಿ. ತುದಿಯ ಕಡೆಯಿಂದ ಎಣಿಸಿದರೆ ಉದ್ದನೆಯ ಗಟ್ಟಿ ಗರಿ ಹತ್ತು ಸಿಗುತ್ತವೆ. ಅದಾದ ಮೇಲೆ ಒಂದು ಗಿಡ್ಡ ಗರಿ, ಆಮೇಲೆ ಒಳಸಾಲು. ನಿಮಗೆ ಬೇಕಾದದ್ದು ಹೊರಗಿನ ಹತ್ತು ಮಾತ್ರ. ಬಿಚ್ಚಿದ ರೆಕ್ಕೆಯನ್ನು ಬಿಸಿಲಿಗೆ ಅಡ್ಡ ಹಿಡಿದು ಕೆಳಗಿನಿಂದ ನೋಡಿ. ದಂಟು ಬಿಳಿಯಾಗಿ, ಪಾರದರ್ಶಕವಾಗಿ ಕಂಡರೆ ಕತ್ತರಿಸಬಹುದು. ಬುಡದ ಕಡೆ ನೀಲಿಗಪ್ಪು, ಕೆಂಪು ಕಂಡರೆ ಅದನ್ನು ಬಿಡಿ. ಅಕ್ಕಪಕ್ಕದ ಬಲಿತ ಗರಿ ಒಂದೆರಡನ್ನೂ ಅದಕ್ಕೆ ಆಸರೆಯಾಗಿ ಉಳಿಸಿ. ಸುತ್ತಲಿನ ಗರಿ ಇಲ್ಲದೆ ಒಂಟಿಯಾಗಿ ನಿಂತ ಎಳೆಗರಿ ಎಲ್ಲಾದರೂ ತಾಗಿ ಮುರಿದೇ ಮುರಿಯುತ್ತದೆ. ಹತ್ತರಲ್ಲಿ ನಾಲ್ಕೈದು ಎಳೆಯದಿದ್ದರೆ ಆ ದಿನ ಕತ್ತರಿಸಬೇಡಿ, ಆರೆಂಟು ವಾರ ತಡೆಯಿರಿ.

ಕತ್ತರಿ ಹರಿತವಾಗಿರಬೇಕು, ಮೊಂಡು ಕತ್ತರಿ ದಂಟನ್ನು ಸೀಳಿ ಗುಳಿಯನ್ನು ಜಗ್ಗುತ್ತದೆ. ರೆಕ್ಕೆಯ ಮೇಲ್ಭಾಗದಲ್ಲಿ ದೊಡ್ಡ ಗರಿಗಳ ಬುಡ ಮುಚ್ಚುವ ಸಣ್ಣ ಗರಿಗಳ ಸಾಲಿದೆಯಲ್ಲ, ಅದರ ಅಂಚಿನಿಂದ ಎರಡು ಬೆರಳು ಹೊರಗೆ, ಒಂದೊಂದೇ ಗರಿಯನ್ನು ಕತ್ತರಿಸಿ. ಒಂದು ರೆಕ್ಕೆ ಮಾತ್ರ. ಎರಡೂ ಕತ್ತರಿಸಿದರೆ ಕೋಳಿ ಸಮತೋಲ ಉಳಿಸಿಕೊಂಡು ಜೋರಾಗಿ ಬಡಿದು ಹಾರಲು ಕಲಿಯುತ್ತದೆ. ಒಂದೇ ಆದರೆ ಏಳುವಾಗಲೇ ವಾಲುತ್ತದೆ. ಅಂಥ ಕೋಳಿ ಎತ್ತರದ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಳ್ಳಬಾರದು, ಗೂಡಿನ ಕೋಲನ್ನು ಎರಡಡಿಗೆ ಇಳಿಸಿ. ನಾಯಿ, ಮುಂಗುಸಿ ಬಂದರೆ ಹಾರಿ ತಪ್ಪಿಸಿಕೊಳ್ಳಲಾರದು ಎನ್ನುವುದೂ ಲೆಕ್ಕದಲ್ಲಿರಲಿ. ನಮ್ಮನ್ನು ಕೇಳಿದರೆ ಬೇಲಿಗೆ ಇನ್ನೆರಡು ಅಡಿ ಬಲೆ ಕಟ್ಟುವುದೇ ವಾಸಿ. ಮೀನಿನ ಹಳೆಯ ಬಲೆ ಧಾರಾಳವಾಗಿ ಸಿಗುವ ಊರಿನಲ್ಲಿದ್ದೀರಿ.

ತಪ್ಪಿ ರಕ್ತ ಬಂದರೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಅಥವಾ ಅರಿಶಿನವನ್ನು ಕತ್ತರಿಸಿದ ತುದಿಗೆ ಒತ್ತಿ, ಬಟ್ಟೆಯಿಂದ ಐದು ನಿಮಿಷ ಬಿಡದೆ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಿದರೆ ಹೆಪ್ಪುಗಟ್ಟುವುದಿಲ್ಲ. ಸುಣ್ಣ, ಸೀಮೆಎಣ್ಣೆ ಹಚ್ಚಬೇಡಿ. ನಿಂತ ಮೇಲೆ ಆ ಕೋಳಿಯನ್ನು ಒಂದು ದಿನ ಬೇರೆ ಇಡಿ, ರಕ್ತದ ಬಣ್ಣ ಕಂಡರೆ ಉಳಿದವು ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ಹತ್ತು ಹದಿನೈದು ನಿಮಿಷವಾದರೂ ನಿಲ್ಲದಿದ್ದರೆ ಪಶುವೈದ್ಯರು ಬೇಕು. ಅಂಥ ಗರಿಯನ್ನು ಅವರು ಬುಡದಿಂದ ಎಳೆದು ತೆಗೆಯುತ್ತಾರೆ. ರೆಕ್ಕೆಯ ಮೂಳೆಯನ್ನು ಇನ್ನೊಂದು ಕೈಯಲ್ಲಿ ಭದ್ರವಾಗಿ ಹಿಡಿದು, ಗರಿ ಬೆಳೆದ ದಿಕ್ಕಿಗೇ ನೇರವಾಗಿ ಎಳೆಯಬೇಕಾದ ಕೆಲಸ ಅದು. ಮನೆಯಲ್ಲಿ ಪ್ರಯೋಗ ಬೇಡ.

ಕತ್ತರಿಸುವ ಬದಲು ಕಿತ್ತರೆ ಗರಿ ಶಾಶ್ವತವಾಗಿ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಉಲ್ಟಾ. ಕತ್ತರಿಸಿದ ಗರಿಯ ಮೋಟು ಮುಂದಿನ ಗರಿ ಬದಲಾವಣೆಯವರೆಗೆ ಹಾಗೇ ಇರುತ್ತದೆ. ಕಿತ್ತ ಗುಳಿ ಬೇಗನೆ ಹೊಸ ಗರಿ ಕಟ್ಟಲು ಶುರುಮಾಡುತ್ತದೆ, ಕೆಲವೇ ವಾರಗಳಲ್ಲಿ ಕೋಳಿ ಮತ್ತೆ ಬೇಲಿಯ ಮೇಲೆ. ನೋವೂ ಕೊಟ್ಟಂತಾಯಿತು, ಹರಿವೆಯೂ ಉಳಿಯಲಿಲ್ಲ.

ಪ್ರಶ್ನೆ (ಅಂಕೋಲಾ ತಾಲೂಕು): ಕಾವಿಗೆ ಕೂತ ಹೇಂಟೆಯನ್ನು ಎಬ್ಬಿಸಲು ಅದರದೇ ಗರಿ ಕಿತ್ತು ಮೂಗಿನ ತೂತಿಗೆ ಅಡ್ಡ ಚುಚ್ಚುವ ಪದ್ಧತಿ ನಮ್ಮಲ್ಲಿದೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಒಂದು ನೋವು ಗರಿ ಕೀಳುವಾಗ, ಅದಕ್ಕಿಂತ ದೊಡ್ಡದು ಚುಚ್ಚುವಾಗ. ಮೂಗಿನೊಳಗಿನ ಪೊರೆ ಬಹಳ ಸೂಕ್ಷ್ಮ. ಗರಿ ಅಲ್ಲಿ ಇರುವಷ್ಟು ದಿನ ಕೋಳಿ ತಲೆ ಕೊಡವುತ್ತ, ಕಾಲಲ್ಲಿ ಕೆರೆಯುತ್ತ ತಿರುಗುತ್ತದೆ. ಕಾವು ಬಿಡುವುದು ಈ ಕಿರಿಕಿರಿಯಿಂದ ಗೂಡಿನಲ್ಲಿ ಕೂರಲಾಗದೆ. ಗಾಯಕ್ಕೆ ಕೀವು ತುಂಬಿ ಉಸಿರು ಕಟ್ಟಿದರೆ ಕೋಳಿಯೂ ಹೋಯಿತು. ಮಳೆಗಾಲದಲ್ಲಿ ನೀರಿನಲ್ಲಿ ಅದ್ದುವುದೂ ಬೇಡ, ಶೀತವಾಗುತ್ತದೆ.

ಕಾವು ಹಿಡಿಯುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನಿಂದ. ಹೊಟ್ಟೆಯ ಅಡಿಯ ಗರಿ ಉದುರಿ, ಅಲ್ಲಿ ರಕ್ತ ಹರಿವು ಹೆಚ್ಚಿ ಚರ್ಮ ಬಿಸಿಯಾಗುತ್ತದೆ. ಕತ್ತಲು, ಮೆತ್ತನೆಯ ಗೂಡು, ಹೊಟ್ಟೆಯಡಿಯ ಶಾಖ ಇವು ಆ ಹಾರ್ಮೋನನ್ನು ಇಳಿಯಗೊಡುವುದಿಲ್ಲ. ಹಾಗಾಗಿ ಮಾಡಬೇಕಾದದ್ದು ಹೊಟ್ಟೆಗೆ ಗಾಳಿ ತಾಗಿಸುವುದು. ತಳಕ್ಕೆ ತಂತಿ ಬಲೆ ಅಥವಾ ಬೆರಳಗಲ ಸಂದು ಬಿಟ್ಟು ಬಿದಿರ ಸೀಳು ಹಾಕಿದ ಪಂಜರವನ್ನು ಒಂದೂವರೆ ಅಡಿ ಎತ್ತರದಲ್ಲಿ, ಗಾಳಿಯಾಡುವ ಬೆಳಕಿನ ಜಾಗದಲ್ಲಿ ನಿಲ್ಲಿಸಿ. ಒಳಗೆ ಹುಲ್ಲು, ಗೋಣಿ ಏನೂ ಹಾಕಬೇಡಿ. ಕಾಳು, ನೀರು ಯಾವಾಗಲೂ ಇರಲಿ. ಉಪವಾಸ ಹಾಕಿದರೆ ಬೇಗ ಬಿಡುತ್ತದೆ ಎನ್ನುವುದು ಸುಳ್ಳು, ಮೊಟ್ಟೆಗೆ ಬರುವುದಷ್ಟೇ ತಡವಾಗುತ್ತದೆ. ಮೂರು ನಾಲ್ಕು ದಿನ ಇಟ್ಟು ಹೊರಗೆ ಬಿಡಿ. ನೇರ ಗೂಡಿಗೆ ಓಡಿದರೆ ಇನ್ನೆರಡು ದಿನ. ಕಾವು ಹಿಡಿದ ಮೊದಲ ದಿನವೋ ಎರಡನೆಯ ದಿನವೋ ಶುರುಮಾಡಿದರೆ ಬೇಗ ಬಿಡುತ್ತದೆ. ವಾರ ಕಳೆದದ್ದಾದರೆ ಹಟ ಜಾಸ್ತಿ. ಮೊಟ್ಟೆಯನ್ನು ಗೂಡಿನಲ್ಲಿ ಗುಂಪುಬೀಳಲು ಬಿಡದೆ ಸಂಜೆ ಸಂಜೆಗೆ ತೆಗೆಯುತ್ತಿದ್ದರೆ ಕಾವು ಹಿಡಿಯುವುದೇ ಕಡಿಮೆ.

ಪ್ರಶ್ನೆ (ಯಲ್ಲಾಪುರ): ನಾಲ್ಕು ಹೇಂಟೆ, ಎರಡು ಹುಂಜ ಇವೆ. ಹೇಂಟೆಗಳ ಬೆನ್ನು ಪೂರ್ತಿ ಬೋಳು. ಹೇನಿರಬಹುದೇ?

ಉತ್ತರ: ಬೆನ್ನು ಮತ್ತು ತಲೆಯ ಹಿಂಭಾಗ ಮಾತ್ರ ಬೋಳಾಗಿದ್ದರೆ ಹುಂಜಗಳದೇ ಕೆಲಸ. ಹತ್ತುವಾಗ ಉಗುರಿನಿಂದ ಬೆನ್ನನ್ನೂ ಕೊಕ್ಕಿನಿಂದ ನೆತ್ತಿಯನ್ನೂ ಹಿಡಿಯುತ್ತವೆ. ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ನಿಮ್ಮಲ್ಲಿ ಒಂದನ್ನು ಬೇರೆ ಮಾಡಲೇಬೇಕು. ಬರಿದಾದ ಬೆನ್ನಿನ ಮೇಲೆ ಮತ್ತೆ ಮತ್ತೆ ಉಗುರು ತಾಗಿದರೆ ಎಳೆಗರಿ ಮುರಿದು ರಕ್ತ ಬರುತ್ತದೆ, ಅದನ್ನು ಕಂಡು ಉಳಿದವು ಕುಕ್ಕಲು ಶುರುಮಾಡುತ್ತವೆ. ಗಾಯವಾದ ಹೇಂಟೆಯನ್ನು ಎಳೆಗರಿ ಬಲಿಯುವವರೆಗೆ ಬೇರೆ ಇಡಿ.

ಹೇನನ್ನೂ ಒಮ್ಮೆ ನೋಡಿಬಿಡಿ. ಹಿಂಭಾಗದ ಸುತ್ತಲಿನ ಗರಿ ಬಿಡಿಸಿದಾಗ ಬುಡದಲ್ಲಿ ಬಿಳಿ ಹಿಟ್ಟು ಅಂಟಿದಂತೆ ಮೊಟ್ಟೆಗಳ ಗುಂಪು ಕಂಡರೆ ಹೇನು. ಕೆಂಪು ನುಸಿ ಹಗಲು ಕೋಳಿಯ ಮೈಮೇಲೆ ಸಿಗುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಕೋಲಿನ ಅಡಿ, ಹಲಗೆಯ ಸಂದು ನೋಡಬೇಕು. ಔಷಧಿಯನ್ನು ಪಶುವೈದ್ಯರಿಂದ ಕೇಳಿ ತನ್ನಿ. ಕೋಳಿಗೆ ಹಾಕಿದ ದಿನವೇ ಗೂಡಿನ ಸಂದಿಗೂ ಹಾಕಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಾಕಿ. ಮೊದಲ ಸಲ ಮೊಟ್ಟೆ ಸಾಯುವುದಿಲ್ಲ. ಹೊರಳಾಡಲು ಎರಡಡಿ ಚೌಕದ ಪೆಟ್ಟಿಗೆಯಲ್ಲಿ ಒಲೆಬೂದಿ, ನಯವಾದ ಮರಳು ಸಮಸಮ ಹಾಕಿ ಮಾಡಿನ ಕೆಳಗಿಡಿ. ಬೂದಿಗೆ ನೀರು ಬೀಳಬಾರದು, ನೆನೆದ ಬೂದಿ ಖಾರವಾಗಿ ಚರ್ಮ ಸುಡುತ್ತದೆ.

ಪ್ರಶ್ನೆ (ಕಾರವಾರ): ಪೇಟೆಯಲ್ಲಿ ಕೋಳಿ ಕೊಯ್ದ ತಕ್ಷಣ ಬಿಸಿನೀರಿಗೆ ಹಾಕಿ ಪುಕ್ಕ ತೆಗೆಯುತ್ತಾರೆ. ಆಗ ಅದಕ್ಕೆ ಗೊತ್ತಾಗುತ್ತದೆಯೇ?

ಉತ್ತರ: ಸತ್ತಿದ್ದರೆ ಗೊತ್ತಾಗುವುದಿಲ್ಲ. ‘ತಕ್ಷಣ’ ಎನ್ನುವುದರಲ್ಲೇ ತೊಂದರೆ. ಕುತ್ತಿಗೆಯ ಎರಡೂ ಕಡೆಯ ರಕ್ತನಾಳ ಸರಿಯಾಗಿ ಕತ್ತರಿಸಿದ್ದರೂ ಪ್ರಜ್ಞೆ ಹೋಗಲು ಸ್ವಲ್ಪ ಹೊತ್ತು ಬೇಕು, ಒಂದೇ ಕಡೆ ಕತ್ತರಿಸಿದ್ದರೆ ಇನ್ನೂ ಹೆಚ್ಚು. ಕನಿಷ್ಠ ಎರಡು ನಿಮಿಷ ರಕ್ತ ಬಸಿಯಲು ಬಿಡಬೇಕು. ಉಸಿರಾಟ ನಿಂತಿರಬೇಕು, ಕುತ್ತಿಗೆ ಜೋತುಬಿದ್ದಿರಬೇಕು, ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಅಲುಗಬಾರದು. ಪ್ರಜ್ಞೆ ಹೋದ ಮೇಲೂ ರೆಕ್ಕೆ ಬಡಿಯುವುದುಂಟು, ಅದು ಬೆನ್ನುಹುರಿಯ ಚಲನೆ, ನೋವಿನದ್ದಲ್ಲ. ಗಿರಾಕಿಯಾಗಿ ನೀವು ಎರಡು ನಿಮಿಷ ಕಾಯುತ್ತೇನೆ ಎಂದರೆ ಅಂಗಡಿಯವರೂ ಕಾಯುತ್ತಾರೆ.

ಮನೆಯಲ್ಲಿ ಮಾಡುವವರಿಗೆ: ನೀರು 60ರಿಂದ 65 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಸೇರಿಸಿದರೆ ಹೆಚ್ಚುಕಡಿಮೆ ಅಷ್ಟಕ್ಕೆ ಬರುತ್ತದೆ. ಕಾಲು ಹಿಡಿದು 45 ಸೆಕೆಂಡಿನಿಂದ ಒಂದು ನಿಮಿಷ ಮೇಲೆ ಕೆಳಗೆ ಆಡಿಸಿ. ರೆಕ್ಕೆಯ ದೊಡ್ಡ ಗರಿ ಒಂದೇ ಎಳೆತಕ್ಕೆ ಬಂದರೆ ಸಾಕು. ಕುದಿಯುವ ನೀರಿಗೇ ಹಾಕಿದರೆ ಚರ್ಮ ಬೆಂದು, ಪುಕ್ಕದ ಜೊತೆ ಹರಿದು ಬರುತ್ತದೆ.

ಪ್ರಶ್ನೆ (ಶಿರಸಿ): ಪರಿಚಿತರ ಮನೆಯ ಪಂಜರದ ಗಿಳಿ ತನ್ನ ಎದೆಯ ಗರಿಯನ್ನು ತಾನೇ ಕಿತ್ತುಕೊಳ್ಳುತ್ತಿದೆ. ನೋವಾಗುವುದಾದರೆ ಯಾಕೆ ಕೀಳುತ್ತದೆ? ಎಣ್ಣೆ ಹಚ್ಚಬಹುದೇ?

ಉತ್ತರ: ಮೊದಲು ತಲೆ ನೋಡಿ. ತಲೆಯ ಗರಿ ನೆಟ್ಟಗಿದ್ದು ಎದೆ, ಹೊಟ್ಟೆ, ರೆಕ್ಕೆಯಡಿ ಮಾತ್ರ ಬೋಳಾಗಿದ್ದರೆ ತಾನೇ ಕೀಳುತ್ತಿದೆ. ತನ್ನ ತಲೆಗೆ ತನ್ನ ಕೊಕ್ಕು ಸಿಗುವುದಿಲ್ಲ. ತಲೆಯೂ ಬೋಳಾಗಿದ್ದರೆ ಅದು ರೋಗವಿರಬಹುದು. ನೋವಾದರೂ ಕೀಳುವುದು ಚಟದಂತೆ ಹತ್ತಿಕೊಳ್ಳುವ ಗೀಳು. ಗುಂಪಿನಲ್ಲಿ ಹಾರಾಡುವ ಹಕ್ಕಿ ಒಂಟಿಯಾಗಿ ಕೂತದ್ದು, ಮೀಯಲು ನೀರಿಲ್ಲದ್ದು, ವರ್ಷಗಟ್ಟಲೆ ಬರೀ ಮೆಣಸಿನಕಾಯಿ, ಬಾಳೆಹಣ್ಣು, ಅವಲಕ್ಕಿ ತಿಂದದ್ದು, ಒಲೆಯ ಹೊಗೆ, ಲಿವರ್ ತೊಂದರೆ, ಕಾರಣ ಯಾವುದೂ ಇರಬಹುದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಿತ್ತರೆ ಗುಳಿ ಕೆಟ್ಟು ಅಲ್ಲಿ ಗರಿ ಬರುವುದೇ ನಿಲ್ಲುತ್ತದೆ. ಎಣ್ಣೆ ಬೇಡವೇ ಬೇಡ. ತೆಂಗಿನೆಣ್ಣೆಯಾಗಲಿ ಬೇವಿನೆಣ್ಣೆಯಾಗಲಿ ಗರಿಗಳನ್ನು ಅಂಟಿಸಿ ಮೈಶಾಖ ಹೊರಹೋಗುವಂತೆ ಮಾಡುತ್ತದೆ. ನೆಕ್ಕಿದರೆ ಹೊಟ್ಟೆಯೂ ಕೆಡುತ್ತದೆ.

ಇನ್ನೊಂದು ಮಾತನ್ನು ಮುಲಾಜಿಲ್ಲದೆ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಗಿಳಿಗಳನ್ನು ಹಿಡಿಯುವುದೂ ಪಂಜರದಲ್ಲಿ ಇಡುವುದೂ ಅಪರಾಧ. ಹಾಗೆಂದು ಬಾಗಿಲು ತೆಗೆದು ಹಾರಿಸಿಬಿಟ್ಟರೆ ಎದೆ ಬೋಳಾದ, ಹಾರಾಟ ಮರೆತ ಗಿಳಿ ಸಂಜೆಯೊಳಗೆ ಕಾಗೆಯ ಪಾಲು. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಒಪ್ಪಿಸಲು ಹೇಳಿ.

ಪ್ರಶ್ನೆ (ಮುಂಡಗೋಡ): ಪೂಜೆಗೆ ನವಿಲುಗರಿ ಬೇಕು. ಹೊಲದಲ್ಲಿ ಸಿಕ್ಕದ್ದನ್ನು ಇಟ್ಟುಕೊಳ್ಳಬಹುದೇ? ಪೇಟೆಯ ಗರಿ ಕಿತ್ತದ್ದೋ ಉದುರಿದ್ದೋ ಹೇಗೆ ತಿಳಿಯುವುದು?

ಉತ್ತರ: ತಾನಾಗಿ ಉದುರಿದ ನವಿಲುಗರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ದೇಶದ ಹೊರಗೆ ಕಳಿಸುವಂತಿಲ್ಲ. ಗಂಡು ನವಿಲು ಮಳೆಗಾಲದ ಕುಣಿತ ಮುಗಿದ ಮೇಲೆ ಆ ಉದ್ದನೆಯ ಗರಿಗಳನ್ನೆಲ್ಲ ಉದುರಿಸಿ ಮುಂದಿನ ಮಳೆಯೊಳಗೆ ಹೊಸದಾಗಿ ಬೆಳೆಸಿಕೊಳ್ಳುತ್ತದೆ. ಅಂದಹಾಗೆ ಅದು ಬಾಲವಲ್ಲ. ನಿಜವಾದ ಬಾಲ ಅದರ ಹಿಂದೆ ಆಸರೆಯಾಗಿ ನಿಲ್ಲುವ 20 ಗಿಡ್ಡ ಕಂದು ಗರಿಗಳು.

ದಂಟಿನ ಬುಡ ನೋಡಿ ಕೊಳ್ಳಿ. ಉದುರಿದ ಗರಿಯ ಬುಡ ಒಣಗಿ, ಬಿಳಿಯಾಗಿ, ನಯವಾಗಿ ಮುಗಿದಿರುತ್ತದೆ. ಕಿತ್ತದ್ದಾದರೆ ತುದಿಯಲ್ಲಿ ಒಣಗಿದ ರಕ್ತದ ಕಲೆ, ಚರ್ಮದ ಚೂರು ಅಂಟಿರಬಹುದು. ಎಳೆಯದಾಗಿದ್ದರೆ ದಂಟಿನೊಳಗೆ ಕಪ್ಪು ಕಾಣುತ್ತದೆ. ಬುಡವನ್ನೇ ಕತ್ತರಿಸಿ ಮಾರುವ ಗರಿ ಎಷ್ಟೇ ಅಗ್ಗವಾದರೂ ಬೇಡ. ಪುರಾವೆ ಇದ್ದದ್ದೇ ಆ ತುದಿಯಲ್ಲಿ.

ಪ್ರಶ್ನೆ (ದಾಂಡೇಲಿ): ಹೆಣ್ಣು ಮಂಗಟ್ಟೆ (ಹಾರ್ನ್‌ಬಿಲ್) ಪೊಟರೆಯೊಳಗೆ ಕೂತು ತನ್ನ ಗರಿಯನ್ನು ಕಿತ್ತು ಮರಿಗೆ ಹಾಸಿಗೆ ಮಾಡುತ್ತದಂತೆ, ಹೌದೇ?

ಉತ್ತರ: ಕೀಳುವುದಲ್ಲ, ಉದುರಿಸುವುದು. ಪೊಟರೆಯ ಬಾಯಿಯನ್ನು ಸೀಳೊಂದು ಬಿಟ್ಟು ಮುಚ್ಚಿಕೊಂಡ ಮೇಲೆ ಹೆಣ್ಣಿಗೆ ಹಾರುವ ಕೆಲಸವಿಲ್ಲ, ಗಂಡೇ ಆಹಾರ ತಂದುಕೊಡುತ್ತದೆ. ಆ ಬಿಡುವಿನಲ್ಲಿ ರೆಕ್ಕೆ, ಬಾಲದ ಗರಿಗಳನ್ನು ಒಟ್ಟಿಗೆ ಕಳಚಿ ಹೊಸದು ಬೆಳೆಸಿಕೊಳ್ಳುತ್ತದೆ. ಇದು ಕೋಳಿಯ ಗರಿ ಬದಲಾವಣೆಯಂಥದ್ದೇ, ನೋವಿನದ್ದಲ್ಲ. ಅಪಾಯ ಬೇರೆ ಇದೆ: ಆ ವಾರಗಳಲ್ಲಿ ಗಂಡು ಸತ್ತರೆ ಹಾರಲಾಗದ ಹೆಣ್ಣೂ ಮರಿಯೂ ಉಳಿಯುವುದು ಕಷ್ಟ. ಗೂಡಿನ ಮರದ ಬುಡದಲ್ಲಿ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ನಿಂತರೆ ಗಂಡು ಆಹಾರ ಕೊಡಲು ಹತ್ತಿರ ಬರುವುದಿಲ್ಲ, ಅದೂ ನೆನಪಿರಲಿ.

ಪ್ರಶ್ನೆ (ಕಾರವಾರ, ಬೈತಖೋಲ): ಇಲಿಗೆ ಇಟ್ಟ ಅಂಟಿನ ಹಲಗೆಗೆ ಮಡಿವಾಳ ಹಕ್ಕಿ ಸಿಕ್ಕಿಕೊಂಡಿತ್ತು. ಎಳೆದು ಬಿಡಿಸಿದಾಗ ಬಾಲ ಪೂರ್ತಿ ಹಲಗೆಯಲ್ಲೇ ಉಳಿಯಿತು. ಮತ್ತೆ ಬರುತ್ತದೆಯೇ? ಹೇಗೆ ಬಿಡಿಸಬೇಕಿತ್ತು?

ಉತ್ತರ: ಬಾಲ ಬರುತ್ತದೆ, ಕೆಲವು ವಾರ ಬೇಕು. ಬಾಲದ, ಸೊಂಟದ ಮೇಲಿನ ಗರಿ ಉಳಿದವಕ್ಕಿಂತ ಸಡಿಲ. ಬೆಕ್ಕು ಹಿಂದಿನಿಂದ ಹಿಡಿದಾಗ ಗರಿಯನ್ನು ಅದರ ಬಾಯಲ್ಲೇ ಬಿಟ್ಟು ಪಾರಾಗಲು ಇದು ಹಕ್ಕಿಗೆ ಅನುಕೂಲ. ರೆಕ್ಕೆ ಅಂಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಮುಂದಿನ ಸಲ ಎಳೆಯಬೇಡಿ. ಮೊದಲು ಹಲಗೆಯ ಖಾಲಿ ಅಂಟಿನ ಮೇಲೆ ಅಕ್ಕಿಹಿಟ್ಟು ಉದುರಿಸಿ, ಅಥವಾ ಕಾಗದ ಒತ್ತಿ. ಒದ್ದಾಡಿದಷ್ಟೂ ಇನ್ನಷ್ಟು ಅಂಟುವುದು ತಪ್ಪುತ್ತದೆ. ಬಿಡುವಾಗಿರುವ ರೆಕ್ಕೆಯನ್ನು ಮೈಗೆ ಒತ್ತಿ ಬಟ್ಟೆಯಲ್ಲಿ ಹಿಡಿದುಕೊಳ್ಳಿ, ಎದೆ ಬಿಗಿಯಬೇಡಿ, ಹಕ್ಕಿ ಉಸಿರಾಡುವುದು ಎದೆ ಅಲುಗಿಸಿ. ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಅಂಟಿದ ಅಂಚಿಗೆ ಮಾತ್ರ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು, ಕಡ್ಡಿಯಿಂದ ಗರಿ ಬೆಳೆದ ದಿಕ್ಕಿಗೇ ಸರಿಸಿ. ಹದಿನೈದು ನಿಮಿಷ ಹಿಡಿಯಬಹುದು. ರೆಕ್ಕೆಗರಿಯ ತುದಿ ಬಿಡುತ್ತಲೇ ಇಲ್ಲ ಎಂದಾದರೆ ದಂಟು ಬಿಳಿಯಾಗಿರುವ ಕಡೆ ಕತ್ತರಿಯಿಂದ ಕತ್ತರಿಸಿ. ಕೀಳುವುದಕ್ಕಿಂತ ಇದು ನೂರುಪಾಲು ಮೇಲು. ಕೊಕ್ಕಿಗೆ ನೀರು ಸುರಿಯಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಎಣ್ಣೆ ತಾಗಿದ ಗರಿಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸದೆ ಹಾರಲು ಬಿಟ್ಟರೆ ಮಳೆಗೆ ನೆನೆದು ಸಾಯುತ್ತದೆ, ಆ ಕೆಲಸ ತಿಳಿದವರಿಂದ ಆಗಲಿ.

ನಿಮ್ಮ ಬಂದರಿನಲ್ಲಿ ಮೀನಿನ ದಾರಕ್ಕೆ ಸಿಕ್ಕಿ ರೆಕ್ಕೆಗರಿ ಮುರಿದುಕೊಂಡ ಗರುಡನ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ಪಕ್ಷಿ ಚಿಕಿತ್ಸಾ ಕೇಂದ್ರಗಳಲ್ಲಿ ಗರಿ ಕಸಿ ಮಾಡುತ್ತಾರೆ. ಅದೇ ಜಾತಿಯ ಸತ್ತ ಹಕ್ಕಿಯಿಂದ ಅದೇ ರೆಕ್ಕೆಯ, ಅದೇ ಸಂಖ್ಯೆಯ ಗರಿಯನ್ನು ತೆಗೆದು, ಮುರಿದ ಮೋಟಿನ ಪೊಳ್ಳಿಗೆ ಬಿದಿರ ಸೀಳನ್ನು ತೂರಿಸಿ, ಗೋಂದಿನಿಂದ ಕೂರಿಸುತ್ತಾರೆ. ಬಲಿತ ದಂಟಿನಲ್ಲಿ ನರವಿಲ್ಲದ್ದರಿಂದ ಆ ಜೋಡಣೆಗೆ ನೋವಿಲ್ಲ. ಅರಿವಳಿಕೆ ಕೊಡುವುದು ಹಕ್ಕಿ ಬೆದರಿ ಒದ್ದಾಡದಿರಲಿ ಎಂದು. ಕಸಿ ಗರಿಯಲ್ಲೇ ಹಾರಾಡಿ, ಮುಂದಿನ ಗರಿ ಬದಲಾವಣೆಯಲ್ಲಿ ಅದನ್ನೂ ಉದುರಿಸಿ ತನ್ನದೇ ಹೊಸ ಗರಿ ಬೆಳೆಸಿಕೊಳ್ಳುತ್ತದೆ. ದಾರ ಸುತ್ತಿದ ಗರುಡ ಸಿಕ್ಕರೆ ದಾರವನ್ನು ಎಳೆದು ಬಿಚ್ಚದೆ ತುಂಡು ತುಂಡಾಗಿ ಕತ್ತರಿಸಿ. ಗಾಳ ಚರ್ಮಕ್ಕೆ ಹೊಕ್ಕಿದ್ದರೆ ಹಾಗೇ ಬಿಟ್ಟು ವೈದ್ಯರಲ್ಲಿಗೆ ಒಯ್ಯಿರಿ.